ಒತ್ತೆಯಿಟ್ಟ ಮೈಯ ತೂಕ

ನಮ್ಮ ಉಡುಪಿ ಜಿಲ್ಲೆಯಲ್ಲಿ ಒಮ್ಮೆಯೂ ಚಿನ್ನ ಅಡವಿಡದ ಮನೆ ಸಿಗುವುದು ಕಷ್ಟ. ಮಗಳ ಮದುವೆ, ಮಗನ ಫೀಸು, ದೋಣಿಯ ಇಂಜಿನು, ಮನೆಯ ಸ್ಲ್ಯಾಬು, ಯಾವುದಕ್ಕೇ ಆಗಲಿ ಕರಿಮಣಿಯೊಂದನ್ನು ಬಿಟ್ಟು ಉಳಿದದ್ದು ಸೊಸೈಟಿಯ ತಿಜೋರಿಗೆ ಹೋಗಿ ಬರುತ್ತದೆ. ಅಲ್ಲಿ ಸರಾಫರು ಒರೆಗಲ್ಲಿಗೆ ಉಜ್ಜಿ, ತೂಗಿ, ಇಷ್ಟು ಗ್ರಾಂ ಇಷ್ಟು ಮಿಲಿ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಬಿಡಿಸಿಕೊಳ್ಳುವ ದಿನ ಬಳೆ ಒಂದು ಗ್ರಾಂ ಕಡಿಮೆ ತೂಗಿದರೆ ಉತ್ತರ ಕೊಡಬೇಕಾದವರು ಯಾರು? ‘ನಮ್ಮ ತಿಜೋರಿಯಲ್ಲೇ ಸವೆದಿದೆ ಎಂದು ನೀವು ಸಾಬೀತು ಮಾಡಿ’ ಎಂದು ಹೇಳುವ ಮ್ಯಾನೇಜರು ಈ ಊರಿನಲ್ಲಿ ಒಂದು ದಿನವೂ ಬಾಳಲಾರ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಮುಂದೆ ಸಿಂಡಿಕೇಟ್ ಆದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1925ರಲ್ಲಿ ಹುಟ್ಟಿದ ಊರು ಇದು. ಎರಡೂ ಈಗ ಬೇರೆ ಬ್ಯಾಂಕುಗಳಲ್ಲಿ ಕರಗಿ ಹೋಗಿವೆ, ಆದರೆ ಕೊಟ್ಟದ್ದನ್ನು ಕೊಟ್ಟಹಾಗೆ ಮರಳಿಸಬೇಕು ಎಂಬ ಲೆಕ್ಕ ನಮ್ಮವರ ತಲೆಯಲ್ಲಿ ಉಳಿದಿದೆ.

ಆ ಲೆಕ್ಕವನ್ನು ಸೇನೆಗೆ ಸೇರಿದ ಹುಡುಗನ ಮೈಗೆ ಹಾಕಿ ನೋಡಬೇಕು ಎಂಬುದು ನನ್ನ ವಾದ.

ಕಾರ್ಕಳದ ಒಬ್ಬ ಹವಾಲ್ದಾರ ಎಂದಿಟ್ಟುಕೊಳ್ಳಿ. ಹತ್ತೊಂಬತ್ತರ ವಯಸ್ಸಿನಲ್ಲಿ ಭರ್ತಿಯಾಗುವಾಗ ಸೇನೆಯ ವೈದ್ಯರೇ ಅವನ ಎದೆ ಅಳೆದಿದ್ದಾರೆ, ಕಣ್ಣು ಕಿವಿ ನೋಡಿದ್ದಾರೆ, ಮಂಡಿ ತಾಗುತ್ತದೆಯೇ ಪಾದ ಚಪ್ಪಟೆಯೇ ಎಂದು ಪರೀಕ್ಷಿಸಿದ್ದಾರೆ. ಒಂದು ಹಲ್ಲು ಸರಿಯಿಲ್ಲದವನನ್ನೂ ಹಿಂದೆ ಕಳಿಸಿದ ಸಾಲಿನಲ್ಲಿ ಇವನು ನಿಂತು ‘ಫಿಟ್’ ಎನಿಸಿಕೊಂಡಿದ್ದಾನೆ. ಇಪ್ಪತ್ತನಾಲ್ಕು ವರ್ಷ ಕಳೆದು ಹಿಂತಿರುಗುವಾಗ ರಕ್ತದೊತ್ತಡ, ಸಕ್ಕರೆ, ಒಂದು ಕಿವಿ ಮಂದ. ನಿವೃತ್ತಿಗೆ ಮುಂಚೆ ರಿಲೀಸ್ ಮೆಡಿಕಲ್ ಬೋರ್ಡ್ ಕೂರುತ್ತದೆ. ಅಂಗವೈಕಲ್ಯ ಶೇಕಡಾ ಇಷ್ಟು ಎಂದು ಬರೆಯುತ್ತದೆ. ಪಕ್ಕದ ಅಂಕಣದಲ್ಲಿ ಇನ್ನೊಂದು ಮಾತನ್ನೂ ಬರೆಯುತ್ತದೆ: ‘ನೈದರ್ ಅಟ್ರಿಬ್ಯೂಟಬಲ್ ನಾರ್ ಅಗ್ರವೇಟೆಡ್’. ಅಂದರೆ ಈ ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಇಂಗ್ಲಿಷಿನಲ್ಲಿ ಇದರ ಮೊದಲಕ್ಷರಗಳನ್ನು ಜೋಡಿಸಿದರೆ ‘ನಾನಾ’ ಎಂದಾಗುತ್ತದೆ. ನಮ್ಮ ಭಾಷೆಯಲ್ಲಿ ನಾನಾ ಎಂದರೆ ಹಲವು. ಬೋರ್ಡಿನ ಭಾಷೆಯಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ, ‘ನಿನ್ನ ಕಾಯಿಲೆ ನಿನ್ನದು’.

ಈ ಎರಡಕ್ಷರದ ಬೆಲೆ ಎಷ್ಟು? ಅಂಗವೈಕಲ್ಯದ ಪಿಂಚಣಿ ಸಿಗಬೇಕಾದರೆ ಎರಡು ಷರತ್ತು: ಕಾಯಿಲೆಗೂ ಸೇವೆಗೂ ನಂಟು ಇರಬೇಕು, ಪ್ರಮಾಣ ಶೇಕಡಾ 20ಕ್ಕೆ ಕಡಿಮೆ ಇರಬಾರದು. ನೂರಕ್ಕೆ ನೂರು ಅಂಗವೈಕಲ್ಯವಾದರೆ ಕೊನೆಯ ಸಂಬಳದ ಶೇಕಡಾ 30 ಎಂಬುದು ಲೆಕ್ಕ. 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದೇ ಹಿಡಿಯುವ ಸೌಲಭ್ಯ ಬೋರ್ಡ್ ಔಟ್ ಆದವರಿಗೆ, ಅಂದರೆ ಆರೋಗ್ಯ ಕೆಟ್ಟು ಅವಧಿಗೆ ಮುಂಚೆಯೇ ಹೊರಗೆ ಕಳಿಸಿದವರಿಗೆ ಮಾತ್ರವಲ್ಲ, ಅವಧಿ ಮುಗಿಸಿ ಬಂದವರಿಗೂ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟು 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು. ಕೊನೆಯ ಸಂಬಳ 40,000 ರೂಪಾಯಿ ಇದ್ದು ಬೋರ್ಡು ಶೇಕಡಾ 20 ಬರೆದರೆ, ಐವತ್ತಕ್ಕೆ ಏರಿಸಿದ ಲೆಕ್ಕದಲ್ಲಿ ತಿಂಗಳಿಗೆ 6,000. ‘ನಾನಾ’ ಬರೆದರೆ ಸೊನ್ನೆ. ಹದಿನೈದು ವರ್ಷ ತುಂಬುವ ಮುಂಚೆಯೇ ಬೋರ್ಡ್ ಔಟ್ ಆದ ಹುಡುಗನಿಗಂತೂ ಇದು ಇಡೀ ಬದುಕಿನ ಪ್ರಶ್ನೆ, ಏಕೆಂದರೆ ಸಾಮಾನ್ಯ ಪಿಂಚಣಿಗೆ ಬೇಕಾದ ಸೇವೆಯೇ ಅವನಿಗೆ ಆಗಿರುವುದಿಲ್ಲ.

ಕಾನೂನು ಮೊದಲಿನಿಂದಲೂ ಹೀಗೆ ಕಲ್ಲಾಗಿರಲಿಲ್ಲ. 1982ರ ಅರ್ಹತಾ ನಿಯಮಗಳು ಬಹುಮಟ್ಟಿಗೆ ನಮ್ಮ ಸೊಸೈಟಿಯ ನಿಯಮವನ್ನೇ ಹೇಳುತ್ತಿದ್ದವು. ಸೇರುವಾಗ ಕಾಯಿಲೆಯ ಟಿಪ್ಪಣಿ ಇಲ್ಲದಿದ್ದರೆ ಆತ ಆರೋಗ್ಯವಂತನಾಗಿಯೇ ಸೇರಿದ್ದಾನೆ ಎಂದು ಭಾವಿಸಬೇಕು. ಆಮೇಲೆ ಆರೋಗ್ಯ ಕೆಟ್ಟು ಬೋರ್ಡ್ ಔಟ್ ಆದರೆ ಅದು ಸೇವೆಯಿಂದ ಎಂದೇ ಭಾವಿಸಬೇಕು. ಸಾಬೀತು ಮಾಡು ಎಂದು ಅರ್ಜಿದಾರನನ್ನು ಕೇಳಬಾರದು. ಸಂದೇಹವಿದ್ದರೆ ಅದರ ಲಾಭ ಅವನಿಗೆ. ಕಾಗದದಲ್ಲಿ ಇಷ್ಟೆಲ್ಲ ಇದ್ದರೂ ಬೋರ್ಡುಗಳು ಒಂದು ಸಾಲಿನಲ್ಲಿ ಮುಗಿಸುತ್ತಿದ್ದವು. ಧರಮವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿ ಒಂಬತ್ತು ವರ್ಷ ದುಡಿದು 1994ರಲ್ಲಿ ಮೂರ್ಛೆ ರೋಗದ ಕಾರಣಕ್ಕೆ ಹೊರಬಿದ್ದರು. ಶೇಕಡಾ 20 ಅಂಗವೈಕಲ್ಯ, ಆದರೆ ಸೇವೆಗೆ ಸಂಬಂಧವಿಲ್ಲ ಎಂದು ಬೋರ್ಡು ಬರೆಯಿತು. ಏಕೆ ಸಂಬಂಧವಿಲ್ಲ? ಕಾರಣ ಬರೆಯಲಿಲ್ಲ. 2013ರ ಜುಲೈ 2ರಂದು ಸುಪ್ರೀಂ ಕೋರ್ಟು ಈ ಮೌನವನ್ನೇ ಹಿಡಿಯಿತು: ಸೇರುವಾಗ ರೋಗದ ಗುರುತು ಬರೆದಿಲ್ಲ, ಆಗ ಏಕೆ ಗೊತ್ತಾಗಲಿಲ್ಲ ಎಂಬುದಕ್ಕೂ ಕಾರಣ ಕೊಟ್ಟಿಲ್ಲ, ಹಾಗಿದ್ದ ಮೇಲೆ ಕಾರಣವಿಲ್ಲದ ಅಭಿಪ್ರಾಯವನ್ನು ಕಣ್ಣು ಮುಚ್ಚಿ ಒಪ್ಪಲಾಗದು. 2015ರ ರಾಜ್‌ಬೀರ್ ಸಿಂಗ್ ತೀರ್ಪು ಅದನ್ನೇ ಗಟ್ಟಿ ಮಾಡಿತು.

ತಮಾಷೆ ಎಂದರೆ, ನ್ಯಾಯಾಲಯ ಹಳೆಯ ನಿಯಮಕ್ಕೆ ಜೀವ ತುಂಬುವ ಹೊತ್ತಿಗೆ ಸರ್ಕಾರ ನಿಯಮವನ್ನೇ ಬದಲಿಸಿಯಾಗಿತ್ತು. 2008ರ ನಿಯಮಗಳಲ್ಲಿ ಆರೋಗ್ಯವಂತನಾಗಿಯೇ ಸೇರಿದ್ದ ಎಂಬ ಭಾವನೆಯನ್ನು ಕೈಬಿಡಲಾಯಿತು. ಭರ್ತಿಯ ಪರೀಕ್ಷೆ ಮೇಲುನೋಟದ್ದು, ಒಳಗೆ ಮಲಗಿದ್ದ ರೋಗ ಅದರಲ್ಲಿ ಕಾಣದೇ ಇರಬಹುದು ಎಂದು ಬರೆಯಲಾಯಿತು. ಸಾಮಾನ್ಯವಾಗಿ ಅರ್ಜಿದಾರ ಸಾಬೀತು ಮಾಡಬೇಕಿಲ್ಲ ಎಂಬ ಮಾತೇನೋ ಉಳಿಯಿತು, ಬಾಲಕ್ಕೆ ಒಂದು ಗಂಟು ಹಾಕಿ: ಬಿಡುಗಡೆಯಾಗಿ 15 ವರ್ಷ ಕಳೆದ ಮೇಲೆ ಕೇಳಿದರೆ, ಅಷ್ಟು ಹೊತ್ತಿಗೆ ಸೇವಾ ದಾಖಲೆಗಳು ನಾಶವಾಗಿರುವುದರಿಂದ, ಸಾಬೀತಿನ ಹೊಣೆ ಅರ್ಜಿದಾರನದು. ಈ ವಾಕ್ಯವನ್ನು ನಾನು ಹಲವು ಸಲ ಓದಿದ್ದೇನೆ. ಚೀಟಿಯನ್ನು ಸುಟ್ಟದ್ದು ತಿಜೋರಿಯವರು, ತೂಕ ಹೇಳಬೇಕಾದವನು ಗಿರಾಕಿ! 2023ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಹೊಸ ನಿಯಮಗಳೂ ಇದೇ ದಾರಿಯಲ್ಲಿ ನಡೆದಿವೆ.

ಸರ್ಕಾರದ ಕಡೆ ವಾದವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಚಿನ್ನ ತಾನಾಗಿ ಸವೆಯುವುದಿಲ್ಲ, ಮೈ ಸವೆಯುತ್ತದೆ. ಸಕ್ಕರೆ ಕಾಯಿಲೆ ಬರಲು ಗಡಿಗೇ ಹೋಗಬೇಕಿಲ್ಲ, ಉಡುಪಿಯ ರಥಬೀದಿಯಲ್ಲಿ ಕೂತವರಿಗೂ ಬರುತ್ತದೆ. ಮಹಾಲೆಕ್ಕ ಪರಿಶೋಧಕರ (ಸಿಎಜಿ) 2023ರ ವರದಿಯೊಂದು ಎತ್ತಿದ್ದು ಇದೇ ಪ್ರಶ್ನೆಯನ್ನು: ನಿವೃತ್ತರಾಗುವ ಅಧಿಕಾರಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಅಂಗವೈಕಲ್ಯದ ಪಿಂಚಣಿ ಪಡೆಯುತ್ತಾರೆ, ಅದರಲ್ಲಿ ಜೀವನಶೈಲಿಯ ಕಾಯಿಲೆಗಳ ಪಾಲು ದೊಡ್ಡದು. ಇದನ್ನು ಓದಿ ‘ಎಲ್ಲರೂ ದುಡ್ಡು ಹೊಡೆಯುವವರೇ’ ಎಂದು ಮೂಗು ಮುರಿದವರನ್ನು ಕಂಡಿದ್ದೇನೆ. ಆದರೆ ಅದೇ ವರದಿಯಲ್ಲಿ, ನಿವೃತ್ತರಾಗುವ ಜವಾನರಲ್ಲಿ ಈ ಪಿಂಚಣಿ ಪಡೆಯುವವರ ಪಾಲು ಐದರಲ್ಲಿ ಒಂದಕ್ಕಿಂತ ಕಡಿಮೆ. ಬಂಕರಿನಲ್ಲಿ ಹೆಚ್ಚು ಕಾಲ ಮಲಗಿದವನಿಗೆ ಕಾಯಿಲೆ ಕಡಿಮೆ, ಕಚೇರಿಯಲ್ಲಿ ಕೂತವನಿಗೆ ಹೆಚ್ಚು ಎಂದು ಇದರ ಅರ್ಥವೇ? ನನಗೆ ಹಾಗೆ ಅನಿಸುವುದಿಲ್ಲ. ಫಾರಂ ಓದಬಲ್ಲವನಿಗೂ ಓದಲಾರದವನಿಗೂ ಇರುವ ಅಂತರ ಇದು ಎಂದು ನನ್ನ ಅನುಮಾನ. ವರದಿಯನ್ನು ಓದುವುದಿದ್ದರೆ ಎರಡೂ ಸಾಲು ಓದಬೇಕು.

ಎಲ್ಲಕ್ಕೂ ಹೌದು ಎನ್ನುವುದು ನ್ಯಾಯಾಲಯದ ದಾರಿಯೂ ಅಲ್ಲ. 2019ರಲ್ಲಿ ನರಸಿಂಗ್ ಯಾದವ್ ಎಂಬವರ ಸ್ಕಿಜೋಫ್ರೇನಿಯಾ ಪ್ರಕರಣದಲ್ಲಿ, ಮನಸ್ಸಿನ ಇಂಥ ಕಾಯಿಲೆ ಭರ್ತಿಯ ಹೊತ್ತಿಗೆ ಕಾಣುವಂಥದ್ದಲ್ಲ ಎಂದು ಹೇಳಿ ಸುಪ್ರೀಂ ಕೋರ್ಟು ಪಿಂಚಣಿ ನಿರಾಕರಿಸಿತು. ರಜೆಯಲ್ಲಿ ಅಕ್ಕತಂಗಿಯ ಮನೆಯ ಮೆಟ್ಟಿಲಿನಿಂದ ಬಿದ್ದ ವಿಜಯ್ ಕುಮಾರ್ ಅವರಿಗೂ 2015ರಲ್ಲಿ ಇಲ್ಲ ಎಂದಿತು, ಬಿದ್ದದ್ದಕ್ಕೂ ಸೇವೆಗೂ ನಂಟಿಲ್ಲವೆಂದು. ಆದರೆ ರಜೆಗೆ ಊರಿಗೆ ಹೋಗುವಾಗ ರೈಲಿನಿಂದ ಇಳಿಯುವಲ್ಲಿ ಕೈ ಕಳೆದುಕೊಂಡ ಮದನ್ ಸಿಂಗ್ ಶೇಖಾವತ್ ಅವರಿಗೆ 1999ರಲ್ಲಿ ಹೌದು ಎಂದಿತ್ತು. ನಮ್ಮ ಕಡೆಗೆ ತಂದು ಹೇಳುವುದಾದರೆ, ಇಂದ್ರಾಳಿಯ ರೈಲು ನಿಲ್ದಾಣದಲ್ಲಿ ಇಳಿಯುವಾಗ ಜಾರಿದವನ ದಾರಿ ಬೇರೆ. ಮನೆಗೆ ಬಂದು ವಾರ ಕಳೆದು ಕಾಪುವಿನ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವನ ದಾರಿ ಬೇರೆ. ಈ ಗೆರೆ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಅಪಘಾತಕ್ಕೆ ಜಾಗ ಇದೆ, ಗಂಟೆ ಇದೆ, ಇಂಜುರಿ ರಿಪೋರ್ಟ್ ಇದೆ. ತಕರಾರು ಇರುವುದು ಗಂಟೆ ಇಲ್ಲದ ಕಾಯಿಲೆಗಳಲ್ಲಿ.

ಅಲ್ಲಿ ಪುರಾವೆ ಏಕೆ ಇರುವುದಿಲ್ಲ ಎಂಬುದನ್ನು ಸೇನೆಯ ಬದುಕನ್ನು ಬಲ್ಲವರು ಬಲ್ಲರು. ಎಂ.ಐ. ರೂಮಿಗೆ, ಅಂದರೆ ಪಲ್ಟಣಿನ ವೈದ್ಯರ ಕೋಣೆಗೆ, ಪದೇ ಪದೇ ಹೋಗುವವನಿಗೆ ಅಲ್ಲಿ ಒಳ್ಳೆಯ ಹೆಸರಿಲ್ಲ. ಲೋ ಮೆಡಿಕಲ್ ಕೆಟಗರಿ ಎಂದು ಕಾಗದದಲ್ಲಿ ಬಿದ್ದರೆ ಬಡ್ತಿ ತಪ್ಪಬಹುದು, ಒಳ್ಳೆಯ ಕೋರ್ಸು ತಪ್ಪಬಹುದು. ಹಾಗಾಗಿ ತಲೆಸುತ್ತನ್ನು ನುಂಗಿಕೊಳ್ಳುತ್ತಾನೆ, ಕಿವಿಯ ಗುಂಯ್‌ಗುಡುವಿಕೆಯನ್ನು ಯಾರಿಗೂ ಹೇಳುವುದಿಲ್ಲ. ರಜೆಯಲ್ಲಿ ಬಂದಾಗ ಗುಟ್ಟಾಗಿ ಮಣಿಪಾಲದಲ್ಲೋ ಕಾರ್ಕಳದಲ್ಲೋ ತೋರಿಸಿ ಮಾತ್ರೆ ಕಟ್ಟಿಕೊಂಡು ಹೋಗುತ್ತಾನೆ. ಸೇನೆಯ ಕಾಗದದಲ್ಲಿ ಅವನು ಗುಂಡುಕಲ್ಲಿನ ಹಾಗಿದ್ದಾನೆ. ಕೊನೆಗೆ ಬೋರ್ಡಿನ ಎದುರು ಇದೇ ಶಿಸ್ತು ಅವನಿಗೆ ಉರುಳಾಗುತ್ತದೆ: ಇಷ್ಟು ವರ್ಷ ಏನೂ ಇರಲಿಲ್ಲವಲ್ಲ!

ಬೋರ್ಡಿನ ಫಾರಂನಲ್ಲಿ ಯೋಧನೇ ತುಂಬಬೇಕಾದ ಭಾಗವೊಂದಿದೆ. ಸೇರುವ ಮೊದಲು ಈ ತೊಂದರೆ ಇತ್ತೇ? ಸೇವೆಯಲ್ಲಿನ ಯಾವ ಘಟನೆಯಿಂದ ಇದು ಬಂತು ಅಥವಾ ಹೆಚ್ಚಾಯಿತು ಎಂದು ನಿನಗೆ ಅನಿಸುತ್ತದೆ? ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಮನೆಯಲ್ಲಿ ತುಳುವೋ ಕುಂದಾಪುರ ಕನ್ನಡವೋ ಆಡಿ, ಪಲ್ಟಣಿನಲ್ಲಿ ಹಿಂದಿ ಕಲಿತವನು ಇಂಗ್ಲಿಷ್ ಫಾರಂ ಎದುರು ಕೂತಾಗ, ಪಕ್ಕದ ಕ್ಲಾರ್ಕ್ ‘ನಿಲ್ ಬರಿ, ಬೇಗ ಮುಗಿಯುತ್ತೆ’ ಎನ್ನುತ್ತಾನೆ. ಊರಿಗೆ ಹೋಗುವ ಆತುರ. ನಿಲ್ ಎಂದು ಬರೆಯುತ್ತಾನೆ. ಹತ್ತು ವರ್ಷದ ಮೇಲೆ ವಕೀಲರು ಕಡತ ತೆರೆದಾಗ ಎದುರಾಳಿಯ ಮೊದಲ ಸಾಕ್ಷಿ ಅವನ ಕೈಬರಹವೇ.

ಇನ್ನೊಂದು ನೆಪ ‘ಪೀಸ್ ಸ್ಟೇಷನ್’. ರೋಗ ಮೊದಲು ಕಂಡದ್ದು ಶಾಂತಿಯ ಊರಿನಲ್ಲಿ, ಗಡಿಯಲ್ಲಲ್ಲ, ಆದ್ದರಿಂದ ನಾನಾ. ನಮ್ಮೂರ ಹಂಚಿನ ಮಾಡಿನ ಅನುಭವ ಬೇರೆಯೇ ಹೇಳುತ್ತದೆ. ಪಕ್ಕಾಸಿಗೆ ನೀರು ಇಳಿಯುವುದು ಆಷಾಢದಲ್ಲಿ, ಅದು ಮುರಿದು ಬೀಳುವುದು ಬಿಸಿಲಿನ ಒಂದು ದಿನ. ಮುರಿದದ್ದು ಮಾರ್ಚಿನಲ್ಲಿ, ಹಾಗಾಗಿ ಮಳೆಗೂ ಇದಕ್ಕೂ ಸಂಬಂಧವಿಲ್ಲ ಎನ್ನುವ ಬಡಗಿಯನ್ನು ನಾನು ನೋಡಿಲ್ಲ. 2025ರ ಮಾರ್ಚಿನಲ್ಲಿ ದಿಲ್ಲಿ ಹೈಕೋರ್ಟು ಇದಕ್ಕೆ ಉತ್ತರ ಕೊಟ್ಟಿತು. 1985ರಲ್ಲಿ ಸೇನೆ ಸೇರಿ 2015ರಲ್ಲಿ ನಿವೃತ್ತರಾದ ಸುಬೇದಾರ್ ಗಾವಸ್ ಅನಿಲ್ ಮಾಡ್ಸೊ ಅವರ ಸಕ್ಕರೆ ಕಾಯಿಲೆ ಪೀಸ್ ಸ್ಟೇಷನ್ನಿನಲ್ಲಿ ಶುರುವಾಯಿತು ಎಂದು ಬೋರ್ಡು ‘ನಾನಾ’ ಬರೆದಿತ್ತು. ಸಶಸ್ತ್ರ ಪಡೆಗಳ ಟ್ರಿಬ್ಯೂನಲ್ಲಿನಲ್ಲಿ ಸುಬೇದಾರರು ಗೆದ್ದರು. ಬಿಡದೆ ಹೈಕೋರ್ಟಿಗೆ ಹೋದದ್ದು ಭಾರತ ಸರ್ಕಾರ. 2008ರ ನಿಯಮದ ಕೆಳಗೂ, ಸೇವೆ ಕಾರಣವಲ್ಲ ಎನ್ನುವ ಬೋರ್ಡು ಮತ್ತೇನು ಕಾರಣ ಎಂದು ತೋರಿಸಬೇಕು. ಶಾಂತಿಯ ಊರು ಎಂಬುದಾಗಲಿ, ಜೀವನಶೈಲಿಯ ಕಾಯಿಲೆ ಎಂಬ ಹಣೆಪಟ್ಟಿಯಾಗಲಿ ಸಾಲದು ಎಂದು ನ್ಯಾಯಾಲಯ ಹೇಳಿತು. ನನ್ನ ಬೇಡಿಕೆ ಇದಕ್ಕಿಂತ ಹೆಚ್ಚಿಲ್ಲ. ಬೋರ್ಡು ‘ಇಲ್ಲ’ ಎನ್ನಬಾರದು ಎಂದಲ್ಲ. ‘ಇಲ್ಲ, ಏಕೆಂದರೆ’ ಎನ್ನಬೇಕು.

ಸಾವು ಮತ್ತು ಕಾಯಿಲೆಯ ನಡುವೆ ನಾವು ಮಾಡುವ ಭೇದವೂ ನನ್ನನ್ನು ಕಾಡುತ್ತದೆ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಪಾತದಲ್ಲಿ ಹತ್ತು ಮಂದಿ ಹೂತುಹೋದಾಗ, ಆರು ದಿನಗಳ ಮೇಲೆ ಜೀವಂತ ಸಿಕ್ಕ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಿಗಾಗಿ ನಾಡೇ ಹರಕೆ ಹೊತ್ತಿತು. 2024ರ ಡಿಸೆಂಬರಿನಲ್ಲಿ ಪೂಂಛ್‌ನಲ್ಲಿ ಸೇನಾ ವಾಹನ ಕಂದಕಕ್ಕೆ ಉರುಳಿ ತೀರಿಹೋದವರಲ್ಲಿ ಕುಂದಾಪುರದ ಬೀಜಾಡಿಯ ಯೋಧರೂ ಇದ್ದರು. ಊರಿಗೆ ಊರೇ ಬಂದು ನಿಂತಿತು. ಅಲ್ಲಿ ಯಾರೂ ಪುರಾವೆ ಕೇಳಲಿಲ್ಲ, ಕೇಳಬಾರದು ಕೂಡ. ಆದರೆ ಅದೇ ಸಿಯಾಚಿನ್‌ನಲ್ಲಿ ಕೆಲಸ ಮಾಡಿ 1989ರಲ್ಲಿ ಮೂರ್ಛೆ ರೋಗಕ್ಕೆ ಬೋರ್ಡ್ ಔಟ್ ಆದ ಬಿಜೇಂದರ್ ಸಿಂಗ್ ಎಂಬ ಸಿಪಾಯಿಗೆ ಸುಪ್ರೀಂ ಕೋರ್ಟಿನಿಂದ ನ್ಯಾಯ ಸಿಕ್ಕಿದ್ದು 2025ರ ಏಪ್ರಿಲ್‌ನಲ್ಲಿ. ಮೂವತ್ತಾರು ವರ್ಷ. ಅಜ್ಜರಕಾಡಿನ ಹುತಾತ್ಮರ ಸ್ಮಾರಕಕ್ಕೆ ಹೂ ಇಡುವ ನಾವು, ಪಕ್ಕದಲ್ಲೇ ಮಾತ್ರೆಯ ಚೀಲ ಹಿಡಿದು ನಿಂತ ಮಾಜಿ ಸೈನಿಕನ ಕಡತ ಎಲ್ಲಿಗೆ ಬಂತು ಎಂದು ಕೇಳುವುದಿಲ್ಲ.

‘ನಂಟು ತೋರಿಸು’ ಎಂಬ ಪ್ರಶ್ನೆ ನಮ್ಮ ಕರಾವಳಿಗೆ ಹೊಸದೇನಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲದಲ್ಲಿ, ಹುಟ್ಟಿದ ಮಕ್ಕಳ ಅಂಗವೈಕಲ್ಯಕ್ಕೂ ಔಷಧಿಗೂ ಸಂಬಂಧ ಎಲ್ಲಿದೆ ಎಂದು ಕೇಳಿದರು. ಎಣ್ಮಕಜೆಯ ವಾಣಿನಗರದಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳನ್ನು ಗಮನಿಸಿ ಬರೆದಿಟ್ಟರು, ಶ್ರೀ ಪಡ್ರೆ ಲೇಖನಗಳಲ್ಲಿ ಅದನ್ನು ಜಗತ್ತಿಗೆ ಹೇಳಿದರು. ಹಲವು ವರ್ಷ ಹೋರಾಡಿದ ಮೇಲೆ ಸರ್ಕಾರಗಳು ಒಪ್ಪಿದ ದಾರಿ ಯಾವುದು? ಒಂದೊಂದು ಮಗುವಿನ ರಕ್ತದಲ್ಲಿ ವಿಷದ ಕಣ ಹುಡುಕುವುದಲ್ಲ. ಸಿಂಪಡಿಸಿದ ಊರು, ಆ ಊರಿನವರು, ಇಂಥ ಕಾಯಿಲೆ, ಇಷ್ಟು ಹೊಂದಿದರೆ ಪಟ್ಟಿಗೆ ಸೇರಿಸುವುದು. ಪರಿಪೂರ್ಣವಲ್ಲ, ಅಲ್ಲಿಯೂ ಬಿಟ್ಟುಹೋದವರಿದ್ದಾರೆ. ಆದರೆ ತರ್ಕ ಸರಿಯಾಗಿದೆ: ಒಬ್ಬನ ಮೈಯಲ್ಲಿ ಸಾಬೀತು ಮಾಡಲಾಗದ್ದನ್ನು ಅವನು ಇದ್ದ ಜಾಗ ಸಾಬೀತು ಮಾಡುತ್ತದೆ.

ಅಮೆರಿಕ 2022ರ ಆಗಸ್ಟಿನಲ್ಲಿ ಪ್ಯಾಕ್ಟ್ ಕಾಯಿದೆಯಿಂದ ಮಾಡಿದ್ದು ಇದನ್ನೇ. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಕಸ ಸುಡುವ ಗುಂಡಿಗಳ ಹೊಗೆ ಕುಡಿದ ಯೋಧರಿಗೆ, ಅಲ್ಲಿ ಸೇವೆ ಸಲ್ಲಿಸಿದ್ದು ಮತ್ತು ಪಟ್ಟಿಯಲ್ಲಿರುವ ಇಪ್ಪತ್ತಕ್ಕೂ ಹೆಚ್ಚು ಕಾಯಿಲೆಗಳಲ್ಲಿ ಒಂದು ಇರುವುದು ಸಾಕು, ನಂಟನ್ನು ಕಾನೂನೇ ಭಾವಿಸಿಕೊಳ್ಳುತ್ತದೆ. ಬ್ರಿಟನ್ ತದ್ವಿರುದ್ಧ ನಡೆಯಿತು. ಅಲ್ಲಿನ ಹಳೆಯ ಯುದ್ಧ ಪಿಂಚಣಿಯಲ್ಲಿ, ಸೇವೆ ಬಿಟ್ಟು ಏಳು ವರ್ಷದೊಳಗೆ ಕೇಳಿದರೆ ನಂಟಿಲ್ಲವೆಂದು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸುವ ಹೊಣೆ ಸರ್ಕಾರದ್ದಾಗಿತ್ತು. 2005ರ ಹೊಸ ಯೋಜನೆ ಅದನ್ನು ಯೋಧನ ಹೆಗಲಿಗೆ ದಾಟಿಸಿತು. ನಾವು ಬ್ರಿಟನ್ನಿನ ದಾರಿ ಹಿಡಿದಿದ್ದೇವೆ. ಆದರೆ ನಮ್ಮ 1982ರ ನಿಯಮಗಳ ಅನುಬಂಧದಲ್ಲಿ ಒತ್ತಡದಿಂದ ಬಾಧಿತವಾಗುವ ಕಾಯಿಲೆಗಳ ಪಟ್ಟಿ ಇತ್ತು, ರಕ್ತದೊತ್ತಡ ಅದರಲ್ಲಿತ್ತು. ಆರ್ಟಿಲರಿಯಲ್ಲಿ ಇಷ್ಟು ವರ್ಷ ಇದ್ದವನ ಕಿವಿ, ಅತಿ ಎತ್ತರದಲ್ಲಿ ಇಷ್ಟು ತಿಂಗಳು ಇದ್ದವನ ಹೃದಯ ಮತ್ತು ಶ್ವಾಸಕೋಶ, ಒಳನುಸುಳುಕೋರರ ಜೊತೆ ಕಾದಾಡಿದವನ ನಿದ್ದೆ ಎಂದು ಜಾಗಕ್ಕೂ ಕಾಯಿಲೆಗೂ ಗಂಟು ಹಾಕಿದ ಪಟ್ಟಿ ಮಾಡುವುದು ಸೇನೆಯ ವೈದ್ಯರಿಗೆ ಕಷ್ಟವಲ್ಲ. ಎಲ್ಲಿ ಎಷ್ಟು ದಿನ ಇದ್ದ ಎಂಬ ಲೆಕ್ಕ ಅವರ ಬಳಿಯೇ ಇದೆ.

ಅಗ್ನಿಪಥ ಬಂದ ಮೇಲೆ ಈ ಮಾತಿಗೆ ಅವಸರ ಹೆಚ್ಚಿದೆ. ನಾಲ್ಕು ವರ್ಷದ ಅಗ್ನಿವೀರನಿಗೆ ಅಂಗವೈಕಲ್ಯದ ಪಿಂಚಣಿ ಇಲ್ಲ. ನಂಟು ಸಾಬೀತಾದರೆ ಪ್ರಮಾಣ ನೋಡಿ 15, 25 ಅಥವಾ 44 ಲಕ್ಷದ ಒಂದೇ ಗಂಟು. ನಂಟಿಲ್ಲ ಎಂದರೆ ಅದೂ ಇಲ್ಲ. ಇಪ್ಪತ್ತಮೂರರ ಹುಡುಗ ಹೆಬ್ರಿಗೋ ಶಿರ್ವಕ್ಕೋ ಮರಳಿ ಬಂದಾಗ ಅವನ ಕೈಯಲ್ಲಿರುವುದು ಬೋರ್ಡು ಬರೆದ ಆ ಒಂದು ಅಂಕಣ ಮಾತ್ರ.

ಈ ಲೆಕ್ಕ ನೋಡಿ ನಮ್ಮ ಬೀಡಿ ಕಟ್ಟುವ ಹೆಂಗಸರು ನಗಬಹುದು. ಅವರ ಕೆಮ್ಮಿಗೂ ಬೀಡಿಗೂ ನಂಟಿದೆಯೇ ಎಂದು ಯಾವ ಬೋರ್ಡೂ ಕೂತಿಲ್ಲ. ಮುಂಬೈ ಹೋಟೆಲಿನ ಹೊಗೆ ನುಂಗಿ ಬಂದವರನ್ನೂ ಯಾರೂ ಕೇಳಲಿಲ್ಲ. ಅದು ಇನ್ನೊಂದು ಲೇಖನದ ಮಾತು, ಆದರೆ ಅವರಿಗೆ ಸಿಕ್ಕಿಲ್ಲ ಎಂಬುದು ಇವರಿಗೆ ತಪ್ಪಿಸಲು ಕಾರಣವಾಗದು.

ನಿಯಮ ಬದಲಾಗುವ ತನಕ ಮನೆಯವರು ಮಾಡಬಹುದಾದದ್ದು ಇದೆ. ಕರ್ನಾಟಕದಲ್ಲಿ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್ಲಿನ ಕಾಯಂ ಪೀಠವಿಲ್ಲ, ಹತ್ತಿರದವು ಕೊಚ್ಚಿ ಮತ್ತು ಚೆನ್ನೈಯಲ್ಲಿವೆ. ಅಲ್ಲಿಗೆ ಹೋಗುವ ಮೊದಲು ಸೇನೆಯೊಳಗೇ ಎರಡು ಮೇಲ್ಮನವಿಯ ಮೆಟ್ಟಿಲುಗಳಿವೆ. ತಡ ಮಾಡಿದರೆ ಹಕ್ಕು ಸಾಯುವುದಿಲ್ಲ, ಬಾಕಿ ಹಣ ಸಾಯುತ್ತದೆ: 2008ರ ತರ್ಸೆಮ್ ಸಿಂಗ್ ತೀರ್ಪಿನಂತೆ ತಡವಾಗಿ ಕೋರ್ಟಿಗೆ ಬಂದವನಿಗೆ ಸಾಮಾನ್ಯವಾಗಿ ಹಿಂದಿನ ಮೂರು ವರ್ಷದ ಬಾಕಿ ಮಾತ್ರ. ಯೋಧರ ಕುಟುಂಬಗಳಿಗೆ ಉಚಿತ ಕಾನೂನು ನೆರವಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈಯಲ್ಲಿ ವೀರ್ ಪರಿವಾರ್ ಸಹಾಯತಾ ಯೋಜನೆಯನ್ನು ಆರಂಭಿಸಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು.

ನಿಮ್ಮ ಮನೆಯಲ್ಲಿ ಈ ವರ್ಷ ಯಾರಾದರೂ ಸೇನೆಯಿಂದ ಬಿಡುಗಡೆಯಾಗಿ ಬರುವವರಿದ್ದರೆ ಇಂದೇ ಫೋನು ಮಾಡಿ. ಬೋರ್ಡಿನ ಫಾರಂನಲ್ಲಿ ‘ನಿಲ್’ ಎಂದು ಬರೆಯಬೇಡ, ಯಾವ ಪೋಸ್ಟಿಂಗಿನಲ್ಲಿ ಏನಾಯಿತು ಎಂದು ನಿನಗೆ ಬರುವ ಭಾಷೆಯಲ್ಲೇ ಬರೆ, ಸಹಿ ಹಾಕಿದ ಮೇಲೆ ಅದರ ಒಂದು ಪ್ರತಿ ಕೇಳಿ ತಾ ಎಂದು ಹೇಳಿ. ತಂದ ಕಾಗದವನ್ನು ಚಿನ್ನದ ಚೀಟಿ ಇಡುವ ಡಬ್ಬಿಯಲ್ಲೇ ಇಡಿ.